ಮನೆಯ ಮಾತು: ಅಕ್ಕನಿಗೂ ಒಂದು ರಜೆ

ಬೇಸಗೆಯ ರಜೆ ಸಮೀಪಿಸಿತೆಂದರೆ ಮನೆಮನೆಯಲ್ಲಿಯೂ ಒಂದೇ ಪ್ರಶ್ನೆ: ಮಕ್ಕಳನ್ನು ಎಲ್ಲಿಗೆ ಕಳುಹಿಸುವುದು? ಅಜ್ಜಿಯ ಊರಿಗೋ, ಪಟ್ಟಣದ ಶಿಬಿರಕ್ಕೋ? ಈ ಪ್ರಶ್ನೆಯೇ ಏಳದ ಮನೆಗಳೂ ಉಂಟೆಂಬುದನ್ನು ಕಳೆದ ವರ್ಷ ಚಿಂತಾಮಣಿಯ ಬಳಿಯ ಒಂದು ಹಳ್ಳಿಯಲ್ಲಿ ನಾವು ಕಂಡೆವು.

ಅದು ರೇಷ್ಮೆ ಸಾಕುವವರ ಮನೆ. ಹುಳುಗಳು ನಾಲ್ಕನೆಯ ಜ್ವರದಿಂದೆದ್ದು ಹೊತ್ತುಹೊತ್ತಿಗೆ ಸೊಪ್ಪು ಬೇಡುವ ಕಾಲ. ತಾಯಿತಂದೆಗಳಿಗೆ ಹಗಲುರಾತ್ರಿಗಳ ಭೇದವಿರಲಿಲ್ಲ. ಒಳಗೆ ಏಳು ವರ್ಷದ ಗಂಡುಮಗು. ಸೆರೆಬ್ರಲ್ ಪಾಲ್ಸಿಯಿಂದ ಅವನ ಕೈಕಾಲುಗಳು ಬಿಗಿದುಕೊಂಡಿವೆ. ಅವನಿಗೆ ಉಣಿಸುವುದು, ಬಟ್ಟೆ ಬದಲಿಸುವುದು, ರಾತ್ರಿ ಎದ್ದು ಮಗ್ಗುಲು ತಿರುಗಿಸುವುದು, ಎಲ್ಲವೂ ಹನ್ನೆರಡು ವರ್ಷದ ಅಕ್ಕನ ಪಾಲಿಗೆ ಬಂದಿದ್ದಿತು. ನಾವು ವಾಡಿಕೆಯಂತೆ, "ಎಂಥ ಜಾಣೆಯಮ್ಮಾ ನೀನು! ಮನೆಗೆ ಎರಡನೆಯ ತಾಯಿ" ಎಂದು ಹೊಗಳಿದೆವು. ಹುಡುಗಿ ನಗಲಿಲ್ಲ. "ಅಜ್ಜಿ ಮನೆಗೆ ಹೋಗಿ ಮೂರು ವರ್ಷವಾಯಿತು" ಎಂದಷ್ಟೇ ಹೇಳಿ ತಮ್ಮನ ಬಾಯನ್ನು ಒರೆಸಿದಳು. ನಮ್ಮ ಹೊಗಳಿಕೆಯು ಅವಳ ಹೆಗಲಿಗೆ ಮತ್ತೊಂದು ಹೊರೆಯಾಯಿತೆಂಬುದು ಬಸ್ಸು ಹತ್ತಿದ ಮೇಲೆ ನಮಗೆ ಹೊಳೆಯಿತು.

ಆ ಊರಿಗೆ ಅನತಿದೂರದಲ್ಲಿಯೇ ಕೈವಾರ. ಏಕಚಕ್ರನಗರವೆಂದರೆ ಇದೇ ಎಂದು ಸ್ಥಳಪುರಾಣವು ಹೇಳುತ್ತದೆ. ಭೀಮನು ಬಕನನ್ನು ಕೊಂದುದನ್ನು ಎಲ್ಲರೂ ಬಲ್ಲರು. ಅದಕ್ಕೆ ಮೊದಲು ಬ್ರಾಹ್ಮಣನ ಮನೆಯೊಳಗೆ ನಡೆದ ಮಾತನ್ನು ನೆನೆಯುವವರು ಕಡಮೆ. ರಾಕ್ಷಸನಿಗೆ ಆಹಾರವಾಗಿ ಯಾರು ಹೋಗಬೇಕೆಂದು ತಾಯಿತಂದೆಗಳು ಅಳುತ್ತಿರುವಾಗ ಮಗಳು ಮುಂದೆ ಬಂದು, ಎಂದಾದರೂ ನನ್ನನ್ನು ಬಿಟ್ಟುಕೊಡತಕ್ಕವರೇ ಅಲ್ಲವೆ, ಈಗಲೇ ಬಿಟ್ಟು ಉಳಿದವರನ್ನು ಕಾಪಾಡಿಕೊಳ್ಳಿರೆಂದು ವಾದಿಸುತ್ತಾಳೆ. ಹೆತ್ತವರು ಅದನ್ನು ಕೇಳಿ ಇನ್ನಷ್ಟು ಅತ್ತರೇ ಹೊರತು ಒಪ್ಪಲಿಲ್ಲ. ನಾವಾದರೋ ಅಂಥ ಮಗಳನ್ನು ಮೆಚ್ಚಿ ಸುಮ್ಮನಾಗುತ್ತೇವೆ.

ಇಂಥ ಮಕ್ಕಳಿಗೆಂದೇ ಇಂಗ್ಲೆಂಡಿನ ಹ್ಯಾಂಪ್‌ಶೈರ್ ಸೀಮೆಯಲ್ಲಿ 2000ದಲ್ಲಿ ಒಂದು ಬಯಲು ಮೇಳವು ಆರಂಭವಾಯಿತು. ಆರೈಕೆ ಮಾಡುವ ಮಕ್ಕಳ ಕಷ್ಟವನ್ನು ಸ್ಥಳೀಯ ಆಡಳಿತವು ವಿಚಾರಿಸಲೇಬೇಕೆಂದು ಅಲ್ಲಿನ 2014ರ ಕಾಯಿದೆಯು ವಿಧಿಸಿತು. ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಸಂಬಳವಿಲ್ಲದೆ ಆರೈಕೆ ಮಾಡುವ ಮನೆಯವರೂ ಆರೈಕೆದಾರರೆಂದೇ ಗಣ್ಯರು. ಆದರೆ ಆ ಆರೈಕೆದಾರರು ಸ್ವತಃ ಮಕ್ಕಳಾಗಿದ್ದರೆ ಏನೆಂಬುದಕ್ಕೆ ಅದರಲ್ಲಿ ಬೇರೆ ಮಾತಿಲ್ಲ.

ಕಾಯಿದೆ ಬರುವವರೆಗೆ ಕಾಯಬೇಕೆ? ರಜೆಯಲ್ಲಿ ಬಾಗಿಲು ಮುಚ್ಚಿರುವ ಒಂದು ಶಾಲೆ, ಅಡಿಗೆಗೆ ಇಬ್ಬರು, ಜತೆಗೆ ಇಬ್ಬರು ಉಪಾಧ್ಯಾಯಿನಿಯರು, ಒಂದು ದಿನ ಕೈಲಾಸಗಿರಿಯ ಗುಹೆಗಳಿಗೆ ನಡಿಗೆ: ಹತ್ತು ಮಕ್ಕಳ ನಾಲ್ಕು ದಿನದ ಶಿಬಿರಕ್ಕೆ ಇಷ್ಟು ಸಾಕು. ಆಟವೇ ಮುಖ್ಯವಾಗಿರಲಿ, ಉಪನ್ಯಾಸಗಳು ದಯವಿಟ್ಟು ಬೇಡ. ತಮ್ಮನನ್ನು ಕಂಡರೆ ತನಗೆ ಒಮ್ಮೊಮ್ಮೆ ಸಿಟ್ಟು ಬರುವುದೆಂದು ಒಂದು ಮಗು ಹೇಳಿದರೆ, ನನಗೂ ಹಾಗೆಯೇ ಎನ್ನುವ ಮತ್ತೊಂದು ಮಗು ಅಲ್ಲಿ ಪಕ್ಕದಲ್ಲಿಯೇ ಇರುವುದು.

ಕಠಿನವಾದುದು ಶಿಬಿರವಲ್ಲ, ಅಕ್ಕನ ಸ್ಥಾನದಲ್ಲಿ ಕೂರುವವರನ್ನು ಸಿದ್ಧಮಾಡುವುದು. "ಅವನು ಬೇರೆಯವರ ಕೈಯಲ್ಲಿ ಉಣ್ಣುವುದಿಲ್ಲ" ಎಂದು ತಾಯಂದಿರು ಹೇಳುವುದು ನೆವವಲ್ಲ, ನಿಜವಾದ ಭಯ. ಮಲಗಿಸಿ ಉಣಿಸಿದರೆ ಅನ್ನವು ಉಸಿರುದಾರಿಗೆ ಇಳಿಯಬಹುದು. ಬೆನ್ನು ನೇರವಾಗಿ ಕೂರಿಸಿ, ತಲೆಯನ್ನು ಹಿಂದಕ್ಕೆ ವಾಲಗೊಡದೆ, ಚಿಕ್ಕ ಚಮಚದಲ್ಲಿ ಮೆತ್ತಗಿನ ಅನ್ನವನ್ನಿಟ್ಟು, ನುಂಗಿದ ಮೇಲೆಯೇ ಮುಂದಿನ ತುತ್ತನ್ನು ಕೊಡಬೇಕು, ಉಂಡೊಡನೆ ಮಲಗಿಸಬಾರದು. ಇದನ್ನು ಚಿಕ್ಕಮ್ಮನೋ ಅತ್ತೆಯೋ ಒಂದು ವಾರ ಮುಂಚಿತವಾಗಿಯೇ ಬಂದು ಆ ಹುಡುಗಿಯ ಪಕ್ಕದಲ್ಲಿ ಕುಳಿತು ಕಲಿಯಬೇಕು. ಕಲಿಸತಕ್ಕವಳು ಅವಳೇ.

ಈ ವರ್ಷ ಆ ಮನೆಗೆ ಚಿಕ್ಕಮ್ಮನೊಬ್ಬಳು ಹಾಗೆ ಬಂದಳು. ಶಿಬಿರವೇನೂ ಇರಲಿಲ್ಲ, ಹುಡುಗಿ ಅಜ್ಜಿಯ ಮನೆಗೆ ಹೊರಟಳು. ಎರಡನೆಯ ರಾತ್ರಿ ಫೋನು ಮಾಡಿ, "ತಮ್ಮ ಉಂಡನೇನಮ್ಮಾ?" ಎಂದು ಕೇಳಿದಳಂತೆ. "ಮೊದಲು ಹಠ ಮಾಡಿದ, ಆಮೇಲೆ ಉಂಡ" ಎಂದು ತಾಯಿ ಇದ್ದುದನ್ನೇ ಹೇಳಿದರು. ಮಾರನೆಯ ದಿನವೇ ಬರುವೆನೆಂದಿದ್ದ ಹುಡುಗಿ ಮತ್ತೆ ಮೂರು ದಿನ ಅಲ್ಲಿಯೇ ಉಳಿದಳು.