ಹಳೇ ಟ್ರ್ಯಾಕ್ಟರ್: ಬಣ್ಣ ನೋಡಬೇಡಿ, ಬ್ರೇಕ್ ನೋಡಿ

ಹಳೇ ಟ್ರ್ಯಾಕ್ಟರ್ ಕೊಳ್ಳಲು ಹೋದವರು ಮೊದಲು ಕೇಳುವುದು 'ರೇಟು ಎಷ್ಟು?' ಆಮೇಲೆ ಕೇಳುವುದು 'ಎಂಜಿನ್ ಹೆಂಗೈತಿ?' 2021ರಲ್ಲಿ ನಾನೂ ಇವೆರಡನ್ನೇ ಕೇಳಿದೆ. ಎರಡಕ್ಕೂ ಒಳ್ಳೆಯ ಉತ್ತರ ಸಿಕ್ಕಿತು. ಆದರೂ ತಂದ ಎಂಟನೇ ದಿನ ಗಾಡಿ ಕಾಲುವೆಗೆ ಬೀಳುವುದರಲ್ಲಿತ್ತು. ಮಡ್‌ಗಾರ್ಡ್ ಮೇಲೆ ನನ್ನ ಮಗ ಕೂತಿದ್ದ. ನನ್ನ ಹಾಗೆ ಇನ್ನೊಬ್ಬರು ಮಾಡಬಾರದು ಎಂದು ಇದನ್ನು ಬರೆಯುತ್ತಿದ್ದೇನೆ.

ನನ್ನದು ಸಿರುಗುಪ್ಪ ತಾಲ್ಲೂಕಿನ ಕರೂರು. ಒಂಬತ್ತು ಎಕರೆ ಎರೆ ಹೊಲ. ಜೋಳ, ಕಡಲೆ, ಒಂದಿಷ್ಟು ಹತ್ತಿ. ತುಂಗಭದ್ರಾ ಕೆಳಮಟ್ಟದ ಕಾಲುವೆಯ ನೀರು ನಮ್ಮ ತಾಲ್ಲೂಕಿನ ಬಹಳ ಭೂಮಿಗೆ ಬಂದೈತಿ, ನನ್ನ ಹೊಲಕ್ಕೆ ಬಂದಿಲ್ಲ. ನನಗೆ ಮಳೆಯೇ ಗತಿ. ನಮ್ಮ ಕಡೆ ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸಿನ ಮಳೆ, ಅದೂ ಬಂದರೆ ಬಂತು.

ಟ್ರ್ಯಾಕ್ಟರ್ ಯಾಕೆ ಬೇಕಾಯಿತು

ಎರೆ ಹೊಲ ಮಾಡುವವರಿಗೆ ಹದದ ವಿಷಯ ಹೇಳಬೇಕಿಲ್ಲ. ಮಳೆ ಬಿದ್ದ ಮರುದಿನ ಕಾಲಿಟ್ಟರೆ ಮೊಣಕಾಲ ತನಕ ಕೆಸರು. ಮೂರು ನಾಲ್ಕು ದಿನಕ್ಕೆ ಹದ ಬರುತ್ತದೆ. ಆಮೇಲೆ ಎರಡು ಮೂರು ದಿನ ಬಿಸಿಲು ಬಿತ್ತೋ, ನೆಲ ಕಲ್ಲು. ಆ ನಡುವಿನ ದಿನಗಳಲ್ಲಿ ಎಲ್ಲರಿಗೂ ಬಾಡಿಗೆ ಟ್ರ್ಯಾಕ್ಟರ್ ಬೇಕು. ದೊಡ್ಡ ಹೊಲದವರ ಕೆಲಸ ಮುಗಿದ ಮೇಲೆ ನಮ್ಮ ಪಾಳಿ. 2019ರ ಹಿಂಗಾರಿಯಲ್ಲಿ ಆರು ದಿನ ಕಾದೆ. ಕಡಲೆ ಅರ್ಧಕ್ಕರ್ಧ ಹುಟ್ಟಲಿಲ್ಲ. ಸರ್ಕಾರ 2014-15ರಲ್ಲಿ ಕೃಷಿ ಯಂತ್ರಧಾರೆ ಕೇಂದ್ರಗಳನ್ನು ಶುರು ಮಾಡಿತು, ಒಳ್ಳೆಯದೇ. ಆದರೆ ಬಾಡಿಗೆ ಯಂತ್ರ ಎಲ್ಲಿಂದ ತಂದರೂ ಹದ ಮಾತ್ರ ಎಲ್ಲರಿಗೂ ಒಂದೇ ದಿನ ಬರುತ್ತದೆ.

ಸಾಲ ಮಾಡಿ ಹೊಸದು ತರಲು ಧೈರ್ಯ ಸಾಲಲಿಲ್ಲ. ವರ್ಷಕ್ಕೆ ನಲವತ್ತು ಐವತ್ತು ದಿನದ ಕೆಲಸ, ಕಂತು ಮಾತ್ರ ಹನ್ನೆರಡು ತಿಂಗಳದ್ದು. ಎರಡು ಜೋಡಿ ಎತ್ತಿದ್ದವು, ಒಂದು ಜೋಡಿ ಮಾರಿದೆ. ಪಕ್ಕದ ಹೊಲದವರು ಅರ್ಧ ಹಾಕಿದರು. ಇಬ್ಬರೂ ಸೇರಿ 2009ರ ಮಾಡೆಲ್, 35 ಎಚ್.ಪಿ. ಟ್ರ್ಯಾಕ್ಟರನ್ನು 1,95,000 ರೂಪಾಯಿಗೆ ತಂದೆವು.

ಗದ್ದೆ ಕಂಡ ಗಾಡಿ

ನಮ್ಮ ತಪ್ಪು ಇಲ್ಲೇ. ಸಿರುಗುಪ್ಪ ಭತ್ತದ ನಾಡು. ನಾವು ನೋಡಿದ ಐದು ಗಾಡಿಗಳಲ್ಲಿ ನಾಲ್ಕು ಗದ್ದೆಯಲ್ಲಿ ಕೇಜ್ ವೀಲ್ ಹಾಕಿ ಕೆಸರು ಹೊಡೆದವು. ಗದ್ದೆ ಗಾಡಿಯ ಎಂಜಿನ್ ಚೆನ್ನಾಗಿಯೇ ಇರಬಹುದು. ಆದರೆ ಆಕ್ಸಲ್ ತನಕ ಕೆಸರುನೀರಲ್ಲಿ ಓಡಿದ್ದಕ್ಕೆ ಹಬ್ಬಿನ ಆಯಿಲ್ ಸೀಲು ಸವೆಯುತ್ತದೆ. ಸೀಲು ಹೋದರೆ ಹೊರಗಿನ ನೀರು ಒಳಗೆ, ಒಳಗಿನ ಗೇರ್ ಆಯಿಲ್ ಹೊರಗೆ. ಆ ಆಯಿಲ್ ಬ್ರೇಕ್ ಲೈನಿಂಗ್ ಮೇಲೆ ಹೋದರೆ ಬ್ರೇಕ್ ಹಿಡಿಯುವುದಿಲ್ಲ.

ನಮ್ಮ ಗಾಡಿಗೆ ಹೊಸ ಬಣ್ಣ ಹೊಡೆದಿದ್ದರು. ಚಕ್ರದ ಹಿಂದೆ ಆಯಿಲ್ ಸೋರಿದ ಗುರುತು ಬಣ್ಣದಡಿ ಮುಚ್ಚಿಹೋಗಿತ್ತು. ಎಂಟನೇ ದಿನ ಟ್ರೇಲರಿನಲ್ಲಿ ಗೊಬ್ಬರ ಹೇರಿಕೊಂಡು ಕಾಲುವೆ ಏರಿಯ ಮೇಲೆ ಬರುತ್ತಿದ್ದೆ. ಎದುರಿಗೆ ಎಮ್ಮೆ ಬಂತು, ಬ್ರೇಕ್ ತುಳಿದೆ. ಎಡಗಡೆಯದು ಹಿಡಿಯಲಿಲ್ಲ, ಬಲಗಡೆಯದು ಹಿಡಿಯಿತು. ಹಿಂದಿನಿಂದ ಟ್ರೇಲರ್ ನೂಕಿತು. ಗಾಡಿ ಬಲಕ್ಕೆ, ನೀರಿನ ಕಡೆಗೆ ತಿರುಗಿತು. ಒಂದು ಜಾಲಿ ಬುಡ ಅಡ್ಡ ಸಿಕ್ಕಿತು, ಮುಂದಿನ ಗಾಲಿ ಅಲ್ಲಿ ನಿಂತಿತು. ಮಗ ಕೆಳಗೆ ಹಾರಿದ್ದ, ಮೊಣಕೈ ಕೆತ್ತಿತ್ತು ಅಷ್ಟೇ. ಮನೆಗೆ ಬಂದು ಇಬ್ಬರೂ ಉಣ್ಣಲಿಲ್ಲ. ಅವತ್ತಿನಿಂದ ನಮ್ಮ ಗಾಡಿಯ ಮಡ್‌ಗಾರ್ಡ್ ಮೇಲೆ ಯಾರನ್ನೂ ಕೂಡಿಸುವುದಿಲ್ಲ. ಮಾರಿದವರನ್ನು ನಾನು ಬೈಯುವುದಿಲ್ಲ. ನೋಡಬೇಕಾದವನು ನಾನು, ನೋಡಲಿಲ್ಲ.

ಕೊಳ್ಳುವ ಮೊದಲು

ಬೆಳಿಗ್ಗೆ ಬೇಗ ಹೋಗಿ. ಎಂಜಿನ್ ಮುಟ್ಟಿ ನೋಡಿ. ಬಿಸಿ ಇದ್ದರೆ 'ನಾಳೆ ಬರ್ತೀನಿ' ಅನ್ನಿ. ತಣ್ಣಗಿದ್ದಾಗ ಹೊಡೆದರೆ ಅದರ ಗುಣ ಗೊತ್ತಾಗುತ್ತದೆ. ಹೊಗೆ ನೀಲಿ ಬಂದರೆ ಆಯಿಲ್ ಉರಿಯುತ್ತಿದೆ ಎಂದು ಅರ್ಥ. ಕಪ್ಪು ಬಂದರೆ ಏರ್ ಫಿಲ್ಟರ್ ಅಥವಾ ನಾಜಲ್ ನೋಡಿಸಬೇಕು. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ, ಆಯಿಲ್ ಕಡ್ಡಿಗೆ ಹಾಲಿನಂಥ ಬಣ್ಣ ಅಂಟಿದ್ದರೆ ನೀರು ಸೇರಿದೆ, ಅಂಥದ್ದು ಬೇಡವೇ ಬೇಡ. ಓಡುವ ಎಂಜಿನ್ನಿನ ಆಯಿಲ್ ಮುಚ್ಚಳ ತೆಗೆದಾಗ ಹೊಗೆ ಬುಸುಬುಸು ಬಂದರೆ ರಿಂಗು ಸವೆದಿವೆ.

ಗೇರ್ ಪೆಟ್ಟಿಗೆಯ ಆಯಿಲ್ ತೆಗೆಸಿ ನೋಡಿ. ಗದ್ದೆ ಗಾಡಿಯಲ್ಲಿ ಇದು ಬೆಳ್ಳಗಿದ್ದರೆ ಸೀಲು ಹೋಗಿವೆ. ಮುಂದಿನ ಗಾಲಿ ಜಾಕ್ ಮೇಲೆ ಎತ್ತಿ ಅಲುಗಾಡಿಸಿ. ಕಲ್ಟಿವೇಟರ್ ಎತ್ತಿ ಎಂಜಿನ್ ಬಂದ್ ಮಾಡಿ, ಒಂದು ಬೀಡಿ ಸೇದುವಷ್ಟು ಹೊತ್ತು ನಿಲ್ಲಿ. ಅಷ್ಟರಲ್ಲಿ ನೆಲಕ್ಕಿಳಿದರೆ ಹೈಡ್ರಾಲಿಕ್ ರಿಪೇರಿ ಐತಿ. ಎರಡು ಬ್ರೇಕ್ ಪೆಡಲ್ ಬೇರೆ ಬೇರೆ ತುಳಿದು ಎರಡೂ ಕಡೆ ಹಿಡಿಯುತ್ತವೆಯೋ ನೋಡಿ. ರಸ್ತೆಗೆ ಬಂದಾಗ ಎರಡನ್ನೂ ಜೋಡಿಸುವ ಕೊಂಡಿ ಇರಬೇಕು. ಬಹಳ ಗಾಡಿಗಳಲ್ಲಿ ಅದೇ ಮಾಯ.

ಬಿಡಿಭಾಗ ಎಲ್ಲಿ ಸಿಗುತ್ತದೆ ಎಂದು ಮೊದಲೇ ಕೇಳಿಕೊಳ್ಳಿ. ಎಚ್.ಎಂ.ಟಿ.ಯ ಪಿಂಜೋರ್ ಟ್ರ್ಯಾಕ್ಟರ್ ಕಾರ್ಖಾನೆ ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ಒಪ್ಪಿತು. ಆ ಗಾಡಿಗಳು ಇಂದೂ ಹೊಲದಲ್ಲಿ ಓಡುತ್ತಿವೆ. ಕಾರ್ಖಾನೆ ಇಲ್ಲದ ಗಾಡಿಯಾದರೆ ಸಾಮಾನು ಎಲ್ಲಿ ಸಿಗುತ್ತದೆ ಎಂದು ನಿಮ್ಮ ಮೆಕ್ಯಾನಿಕ್ ಹೇಳಿದ ಮೇಲೇ ಮುಂಗಡ ಕೊಡಿ.

ಕಾಗದವೂ ಗಾಡಿಯ ಒಂದು ಭಾಗ

ಆರ್.ಸಿ.ಯಲ್ಲಿ ಬ್ಯಾಂಕಿನ ಸಾಲದ ನಮೂದು ಇದ್ದರೆ, ಸಾಲ ತೀರಿದ ಪತ್ರವೂ ಬ್ಯಾಂಕ್ ಸಹಿ ಮಾಡಿದ ಫಾರಂ 35 ಕೂಡ ಬೇಕು. ವರ್ಗಾವಣೆಗೆ ಫಾರಂ 29 ಮತ್ತು 30. ಮಾರಿದವರು ರಾಜ್ಯದೊಳಗಾದರೆ 14 ದಿನದಲ್ಲಿ, ಕೊಂಡವರು 30 ದಿನದಲ್ಲಿ ಆರ್.ಟಿ.ಓ.ಗೆ ತಿಳಿಸಬೇಕು. ನಮಗೆ ಆದೋನಿ ಹತ್ತಿರ, ಆಂಧ್ರದ ನಂಬರಿನ ಗಾಡಿಯೂ ಅಗ್ಗಕ್ಕೆ ಬರುತ್ತದೆ. ಅದಕ್ಕೆ ಅಲ್ಲಿನ ಆರ್.ಟಿ.ಓ. ಕೊಡುವ ನಿರಾಕ್ಷೇಪಣಾ ಪತ್ರ, ಫಾರಂ 28, ಮೊದಲು ಕೈಗೆ ಬರಬೇಕು. ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಗಾಡಿ ತೋರಿಸಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ನಮ್ಮದು 2024ರಲ್ಲಿ ಆಯಿತು. ಬ್ರೇಕ್ ಸರಿ ಇದ್ದುದರಿಂದ ಭಯವಿರಲಿಲ್ಲ.

'ಊರೊಳಗೇ ಓಡ್ಸೋದು, ಹೆಸರು ಯಾಕ ಬದಲು ಮಾಡ್ಬೇಕು?' ಅನ್ನುವವರಿದ್ದಾರೆ. ಯಾರಿಗಾದರೂ ಬಡಿದರೆ ಆಗ ಗೊತ್ತಾಗುತ್ತದೆ. ವಿಮೆ ಇಲ್ಲದ ಗಾಡಿ ಹೊಲವನ್ನೇ ತಿಂದೀತು.

ನಮ್ಮ ಲೆಕ್ಕ

ಗಾಡಿಗೆ 1,95,000. ದಲ್ಲಾಳಿಗೆ 3,000. ಸೀಲು, ಬ್ರೇಕ್ ಲೈನಿಂಗ್, ಕೂಲಿ ಸೇರಿ 11,500. ಹೈಡ್ರಾಲಿಕ್ 8,000. ಬ್ಯಾಟರಿ, ಸೆಲ್ಫ್ 7,500. ಹಿಂದಿನ ಎರಡು ಟಯರ್ 34,000. ಕಾಗದ, ವಿಮೆ 9,000. ಒಟ್ಟು 2,68,000. ಅಂದರೆ ನೂರು ರೂಪಾಯಿ ಗಾಡಿಗೆ ಸುಮಾರು ಮೂವತ್ತೇಳು ರೂಪಾಯಿ ರಿಪೇರಿ ಮತ್ತು ಕಾಗದ. ಇದು ಎಂಜಿನ್ ಬಿಚ್ಚದೆ ಬಂದ ಲೆಕ್ಕ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. ಕೈಯಲ್ಲಿ ಎರಡು ಲಕ್ಷ ಇದ್ದರೆ ಒಂದೂವರೆ ಲಕ್ಷದ ಗಾಡಿ ನೋಡಿ. ಉಳಿದದ್ದು ಮನೆಯಲ್ಲಿರಲಿ. ಖರ್ಚು ಮಾಡುವ ಕ್ರಮ ಹೀಗಿರಲಿ: ಮೊದಲು ಕಾಗದ, ಎರಡನೆಯದು ಬ್ರೇಕ್ ಮತ್ತು ಸ್ಟೇರಿಂಗ್, ಮೂರನೆಯದು ಎಲ್ಲಾ ಆಯಿಲ್ ಮತ್ತು ಫಿಲ್ಟರ್, ಆಮೇಲೆ ಹೈಡ್ರಾಲಿಕ್, ಟಯರ್. ಎಂಜಿನ್ ಓಡುತ್ತಿದ್ದರೆ ಬಿಚ್ಚಲು ಹೋಗಬೇಡಿ. ಬಣ್ಣಕ್ಕೆ ಒಂದು ಪೈಸೆಯೂ ಬೇಡ. 2025ರ ಸೆಪ್ಟೆಂಬರಿನಲ್ಲಿ ಟ್ರ್ಯಾಕ್ಟರ್ ಮೇಲಿನ ಜಿ.ಎಸ್.ಟಿ. ಶೇ. 12ರಿಂದ 5ಕ್ಕೆ, ಅದರ ಟಯರ್ ಮತ್ತು ಬಿಡಿಭಾಗಗಳದ್ದು ಶೇ. 18ರಿಂದ 5ಕ್ಕೆ ಇಳಿಯಿತು. ಹೊಸದರ ಬೆಲೆಯನ್ನೂ ಕೇಳಿಕೊಂಡು ಹಳೆಯದಕ್ಕೆ ಚೌಕಾಸಿ ಮಾಡಿ.

ಹತ್ತು ಎಕರೆ ಒಳಗಿನ ಒಣ ಬೇಸಾಯದವರು ಒಬ್ಬರೇ ಕೊಳ್ಳಬಾರದು ಅಂತಲೂ ನನಗೆ ಅನ್ನಿಸುತ್ತದೆ. 'ಹದ ಬಂದ ದಿನ ಯಾರು ಮೊದಲು?' ಎಂದು ಜಗಳ ಆಗುತ್ತದೆ ಎನ್ನುತ್ತಾರೆ. ನಾವು ನೆಲವನ್ನೇ ಕೇಳುತ್ತೇವೆ. ಅವರದು ದಿಬ್ಬದ ಹೊಲ, ಬೇಗ ಆರುತ್ತದೆ, ಅದು ಮೊದಲು. ನನ್ನದು ತಗ್ಗು, ಎರಡು ದಿನ ಬಿಟ್ಟು. ಡೀಸೆಲ್, ತಾಸು, ರಿಪೇರಿ ಎಲ್ಲಾ ಒಂದೇ ನೋಟ್‌ಬುಕ್‌ನಲ್ಲಿ, ಇಬ್ಬರ ಸಹಿ. ಇಲ್ಲಿಯವರೆಗೆ ಮಾತು ಕೆಟ್ಟಿಲ್ಲ.

ಉಳಿದ ಒಂದು ಜೋಡಿ ಎತ್ತನ್ನು ನಾನು ಮಾರಿಲ್ಲ. ಎಡೆ ಹೊಡೆಯಲು ಅವೇ ಬೇಕು. ಟ್ರ್ಯಾಕ್ಟರ್ ಬಂದದ್ದರಿಂದ ನಾನು ದೊಡ್ಡ ರೈತನೇನೂ ಆಗಿಲ್ಲ. ಆದರೆ ಈಗ ಹಿಂಗಾರಿ ಹದದಲ್ಲಿ ಇನ್ನೊಬ್ಬರ ಮನೆ ಮುಂದೆ ನಿಲ್ಲುವುದಿಲ್ಲ. ನನ್ನ ಗಾಡಿಯ ಬಣ್ಣ ಹೋಗಿದೆ, ಬ್ರೇಕ್ ಹಿಡಿಯುತ್ತದೆ. ಹಳೇ ಗಾಡಿ ತಂದು ನಡೆಸುತ್ತಿರುವವರು ನಿಮ್ಮ ಲೆಕ್ಕವನ್ನೂ ಬರೆಯಿರಿ, ನಾಲ್ಕು ಜನಕ್ಕೆ ದಾರಿ ಆಗುತ್ತದೆ.