ಕಣಕಾಲಿನ ಕೃತಕ ಕೀಲು ಜೋಡಣೆ: ಬೆಳವಣಿಗೆಗಳು ಹಾಗೂ ಫಲಿತಾಂಶಗಳು

ಮೊಣಕಾಲು ಮತ್ತು ಸೊಂಟದ ಕೀಲು ಬದಲಾವಣೆಯ ಶಸ್ತ್ರಚಿಕಿತ್ಸೆಯು ಇಂದು ಜನಸಾಮಾನ್ಯರಿಗೆ ಪರಿಚಿತವಾಗಿದೆ. ಕಣಕಾಲಿನ ಕೀಲಿಗೂ (ಪಾದದ ಗಂಟು) ಇಂತಹ ಚಿಕಿತ್ಸೆ ಇರುವುದು ಅಷ್ಟಾಗಿ ತಿಳಿದಿಲ್ಲ. ಈ ಚಿಕಿತ್ಸೆಗಾಗಿ ನೆರವು ಕೋರುವ ಸಾರ್ವಜನಿಕರು ಅದರ ಪ್ರಯೋಜನ ಹಾಗೂ ಮಿತಿಗಳೆರಡನ್ನೂ ಅರಿತಿರುವುದು ಅವಶ್ಯಕ. ಐದು ದಶಕಗಳ ಅನುಭವದಲ್ಲಿ ಕೃತಕ ಕೀಲು ಬಹಳಷ್ಟು ಸುಧಾರಿಸಿದೆ. ಆದರೆ ಹಳೆಯ ವಿಧಾನವಾದ ಕೀಲು ಬೆಸುಗೆಗಿಂತ ಅದು ಎಲ್ಲರಿಗೂ ಮೇಲೆಂಬುದು ಇನ್ನೂ ಸಿದ್ಧಪಟ್ಟಿಲ್ಲ.

ರೋಗದ ಸ್ವರೂಪ

ಮೊಣಕಾಲಿನ ಸವೆತವು ಹೆಚ್ಚಾಗಿ ವಯಸ್ಸಿನೊಂದಿಗೆ ಬರುತ್ತದೆ. ಕಣಕಾಲಿನ ಸವೆತವಾದರೋ ನೂರಕ್ಕೆ ಸುಮಾರು 70 ಪ್ರಕರಣಗಳಲ್ಲಿ ಹಿಂದೆಂದೋ ಆದ ಪೆಟ್ಟಿನ ಫಲ. ಅಪಘಾತದಲ್ಲಿ ಮುರಿದ ಮೂಳೆ ಅಥವಾ ಪದೇ ಪದೇ ಉಳುಕಿದ ಪಾದ ಕ್ರಮೇಣ ಕೀಲಿನ ಮೃದ್ವಸ್ಥಿಯನ್ನು ಹಾಳುಗೆಡವುತ್ತದೆ. ಆದಕಾರಣ ಈ ರೋಗಿಗಳು ಮೊಣಕಾಲಿನ ರೋಗಿಗಳಿಗಿಂತ ಸಾಮಾನ್ಯವಾಗಿ ಕಿರಿಯರು. ಅವರಿಗೆ ಅಳವಡಿಸುವ ಕೀಲು ಹೆಚ್ಚು ವರ್ಷ ಬಾಳಿಕೆ ಬರಬೇಕಾಗುತ್ತದೆ.

ಎರಡು ವಿಧಾನಗಳು

ಕೀಲು ಬೆಸುಗೆಯಲ್ಲಿ ಸವೆದ ಮೂಳೆಗಳನ್ನು ತಿರುಪುಗಳಿಂದ ಬಿಗಿದು ಒಂದಾಗಿ ಕೂಡುವಂತೆ ಮಾಡಲಾಗುತ್ತದೆ. ನೋವು ಶಮನವಾಗುತ್ತದೆ; ಆ ಕೀಲಿನ ಚಲನೆ ಶಾಶ್ವತವಾಗಿ ನಿಲ್ಲುತ್ತದೆ. ಕಾಲಾನಂತರದಲ್ಲಿ ಪಾದದ ನೆರೆಯ ಕೀಲುಗಳು ಸವೆಯುವ ಸಂಭವವಿದೆ. ಕೃತಕ ಕೀಲು ಜೋಡಣೆಯಲ್ಲಿ ಸವೆದ ಮೇಲ್ಮೈಗಳನ್ನು ತೆಗೆದು ಲೋಹದ ಎರಡು ಭಾಗಗಳನ್ನೂ ನಡುವೆ ಪ್ಲಾಸ್ಟಿಕ್ ಬಿಲ್ಲೆಯನ್ನೂ ಅಳವಡಿಸಲಾಗುತ್ತದೆ. ಇದರಿಂದ ಚಲನೆ ಸ್ವಲ್ಪಮಟ್ಟಿಗೆ ಉಳಿಯುತ್ತದೆ. ಆದರೆ ಕುಕ್ಕರಗಾಲಿನಲ್ಲಿ ಕೂರಲು ಬೇಕಾಗುವಷ್ಟು ಬಾಗುವಿಕೆ ಸಾಮಾನ್ಯವಾಗಿ ದೊರೆಯುವುದಿಲ್ಲ. ಭಾರ ಹೊರುವ ಮತ್ತು ಓಡುವ ಕೆಲಸಗಳಿಗೂ ಇದು ತಕ್ಕುದಲ್ಲ.

ಫಲಿತಾಂಶಗಳ ವಿಶ್ಲೇಷಣೆ

1970ರ ದಶಕದಲ್ಲಿ ಫ್ರಾನ್ಸಿನಲ್ಲಿ ಆರಂಭವಾದ ಪ್ರಯೋಗಗಳು ನಿರಾಶಾದಾಯಕವಾಗಿದ್ದವು. ಅಂದಿನ ಕೀಲುಗಳು ಬೇಗನೆ ಸಡಿಲಗೊಳ್ಳುತ್ತಿದ್ದುದರಿಂದ ಅನೇಕ ಶಸ್ತ್ರವೈದ್ಯರು ಮತ್ತೆ ಬೆಸುಗೆಗೇ ಮರಳಿದರು. ಆನಂತರ ಮೂರು ಭಾಗಗಳುಳ್ಳ, ಮೂಳೆಯೊಡನೆ ಬೆಸೆದುಕೊಳ್ಳುವ ಹೊಸ ವಿನ್ಯಾಸಗಳು ಬಂದವು. ಇವುಗಳಲ್ಲಿ ಡೆನ್ಮಾರ್ಕಿನಲ್ಲಿ ರೂಪುಗೊಂಡ 'ಸ್ಟಾರ್' ಕೀಲಿಗೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2009ರಲ್ಲಿ ಅನುಮೋದನೆ ನೀಡಿತು.

ಬಾಳಿಕೆಯ ವಿಷಯದಲ್ಲಿ ಸ್ವೀಡನ್ ದೇಶದ ನೋಂದಣಿ ಗಮನಾರ್ಹವಾದುದು. 1993ರಿಂದ 2010ರವರೆಗೆ ಅಳವಡಿಸಿದ 780 ಕೀಲುಗಳನ್ನು ಪರಿಶೀಲಿಸಿದಾಗ, ಐದು ವರ್ಷಗಳಲ್ಲಿ ನೂರಕ್ಕೆ 81 ಹಾಗೂ ಹತ್ತು ವರ್ಷಗಳಲ್ಲಿ ನೂರಕ್ಕೆ 69 ಕೀಲುಗಳು ಉಳಿದುಬಂದಿದ್ದವು. ಈ ಅಂಕಿಗಳಲ್ಲಿ ಹಳೆಯ ವಿನ್ಯಾಸಗಳೂ ಸೇರಿವೆ ಎಂಬುದನ್ನು ನೆನಪಿಡಬೇಕು.

ಎರಡು ವಿಧಾನಗಳ ನೇರ ಹೋಲಿಕೆಗೆ ಬ್ರಿಟನ್ನಿನ 17 ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆದ 'ಟಾರ್ವಾ' ಅಧ್ಯಯನವು ಆಧಾರವಾಗಿದೆ. ಇದರ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. 50ರಿಂದ 85 ವರ್ಷದ 303 ರೋಗಿಗಳನ್ನು ಯಾದೃಚ್ಛಿಕವಾಗಿ ಎರಡು ಗುಂಪುಗಳಾಗಿ ವಿಂಗಡಿಸಲಾಗಿತ್ತು. ಒಂದು ವರ್ಷದ ನಂತರ ನಡೆಯುವ ಮತ್ತು ನಿಲ್ಲುವ ಶಕ್ತಿ ಎರಡೂ ಗುಂಪುಗಳಲ್ಲಿ ಗಣನೀಯವಾಗಿ ಸುಧಾರಿಸಿತ್ತು. ಅವುಗಳ ನಡುವೆ ಖಚಿತವಾಗಿ ಹೇಳಬಹುದಾದ ವ್ಯತ್ಯಾಸ ಕಂಡುಬರಲಿಲ್ಲ. ತೊಡಕುಗಳು ಮಾತ್ರ ಭಿನ್ನವಾಗಿದ್ದವು. ಗಾಯ ಮಾಯುವ ಸಮಸ್ಯೆ ಕೃತಕ ಕೀಲಿನವರಲ್ಲಿ ನೂರಕ್ಕೆ ಸುಮಾರು 13, ಬೆಸುಗೆಯವರಲ್ಲಿ ಸುಮಾರು 6 ಇತ್ತು. ಬೆಸುಗೆಯವರಲ್ಲಿ ನೂರಕ್ಕೆ ಸುಮಾರು 7 ಮಂದಿಗೆ ಮೂಳೆಗಳು ಸರಿಯಾಗಿ ಕೂಡದೆ ನೋವು ಉಳಿದಿತ್ತು.

ನಿಗಾ ವ್ಯವಸ್ಥೆಯ ಮಹತ್ವ

ಅನುಮೋದನೆ ಪಡೆದ ಕೀಲಿನ ದೋಷವೂ ವರ್ಷಗಳ ನಂತರ ಹೊರಬೀಳಬಹುದು. 'ಮೊಬಿಲಿಟಿ' ಎಂಬ ಕೀಲನ್ನು ತಯಾರಕರು 2014ರಲ್ಲಿ ಮಾರುಕಟ್ಟೆಯಿಂದ ಹಿಂತೆಗೆದುಕೊಂಡರು. 'ಸ್ಟಾರ್' ಕೀಲಿನ ಪ್ಲಾಸ್ಟಿಕ್ ಭಾಗವು ನಿರೀಕ್ಷೆಗಿಂತ ಹೆಚ್ಚಾಗಿ ಮುರಿಯುವ ಬಗ್ಗೆ ಅಮೆರಿಕದ ಆಡಳಿತವು 2021ರಲ್ಲಿ ಎಚ್ಚರಿಕೆ ನೀಡಿತು. ತನ್ನ ದೇಹದಲ್ಲಿರುವ ಕೀಲು ಯಾವುದೆಂದು ತಿಳಿಯದ ರೋಗಿಗೆ ಇಂತಹ ಎಚ್ಚರಿಕೆಯಿಂದ ಪ್ರಯೋಜನವಾಗದು.

ಭಾರತದಲ್ಲಿ ಕೃತಕ ಕೀಲುಗಳು ವೈದ್ಯಕೀಯ ಸಾಧನಗಳ ನಿಯಮಗಳು, 2017ರ ವ್ಯಾಪ್ತಿಗೆ ಬರುತ್ತವೆ. ಸಾಧನಗಳಿಂದಾದ ತೊಂದರೆಗಳನ್ನು ದಾಖಲಿಸಲು 2015ರಲ್ಲಿ ರಾಷ್ಟ್ರೀಯ ನಿಗಾ ಕಾರ್ಯಕ್ರಮವನ್ನು ಆರಂಭಿಸಲಾಗಿದ್ದು, ರೋಗಿಗಳೂ ಇದಕ್ಕೆ ದೂರು ಸಲ್ಲಿಸಬಹುದಾಗಿದೆ. 2017ರ ಆಗಸ್ಟ್‌ನಲ್ಲಿ ನಿಗದಿಯಾದ ಗರಿಷ್ಠ ಬೆಲೆಯು ಮೊಣಕಾಲಿನ ಕೀಲುಗಳಿಗೆ ಸಂಬಂಧಿಸಿದ್ದು, ಕಣಕಾಲಿನ ಕೀಲು ಆ ಆದೇಶದಲ್ಲಿ ಸೇರಿರಲಿಲ್ಲ.

ಅರ್ಜಿದಾರರು ಗಮನಿಸಬೇಕಾದ ಅಂಶಗಳು

1. ಕೃತಕ ಕೀಲು ಮತ್ತು ಬೆಸುಗೆ, ಇವೆರಡರಲ್ಲಿ ತಮಗೆ ಯಾವುದು ಸೂಕ್ತ ಹಾಗೂ ಏಕೆ ಎಂಬುದನ್ನು ಮೂಳೆ ತಜ್ಞರಿಂದ ಕೇಳಿ ತಿಳಿಯುವುದು. ತಮ್ಮ ಉದ್ಯೋಗದ ಸ್ವರೂಪವನ್ನು ಅವರಿಗೆ ತಪ್ಪದೆ ತಿಳಿಸುವುದು.

2. ಮಧುಮೇಹದಿಂದ ಪಾದದ ಸ್ಪರ್ಶಜ್ಞಾನ ಕುಂದಿರುವವರು, ಕಾಲಿನ ರಕ್ತಸಂಚಾರ ಕಡಿಮೆ ಇರುವವರು ಹಾಗೂ ಕೀಲಿನಲ್ಲಿ ಸೋಂಕು ಇರುವವರಿಗೆ ಕೃತಕ ಕೀಲು ಸಾಮಾನ್ಯವಾಗಿ ಸೂಕ್ತವಲ್ಲ.

3. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ ನೆರವು ಬಯಸುವವರು, ತಮಗೆ ಸೂಚಿಸಿದ ಚಿಕಿತ್ಸೆಯು ಯೋಜನೆಯ ಪಟ್ಟಿಯಲ್ಲಿದೆಯೇ ಎಂಬುದನ್ನು ದಾಖಲಾಗುವ ಮುನ್ನವೇ ಆಸ್ಪತ್ರೆಯ ಆರೋಗ್ಯಮಿತ್ರರಲ್ಲಿ ವಿಚಾರಿಸುವುದು.

4. ಸ್ವಂತ ವೆಚ್ಚ ಭರಿಸುವವರು ಕೀಲಿನ ಬೆಲೆಯನ್ನು ಪ್ರತ್ಯೇಕವಾಗಿ ನಮೂದಿಸಿದ ಲಿಖಿತ ಅಂದಾಜು ಪಟ್ಟಿಯನ್ನು ಪಡೆಯುವುದು.

5. ಶಸ್ತ್ರಚಿಕಿತ್ಸೆಯ ನಂತರ ಕೀಲಿನ ತಯಾರಕರ ಹೆಸರು, ಮಾದರಿ ಹಾಗೂ ಬ್ಯಾಚ್ ಸಂಖ್ಯೆಯುಳ್ಳ ಚೀಟಿಯನ್ನು ಕೇಳಿ ಪಡೆದು, ಬಿಡುಗಡೆ ಪತ್ರದೊಂದಿಗೆ ಜೋಪಾನವಾಗಿರಿಸುವುದು.

6. ನೋವು ಇಲ್ಲದಿದ್ದರೂ ವೈದ್ಯರು ಸೂಚಿಸಿದ ಅವಧಿಗೆ ಎಕ್ಸ್-ರೇ ತಪಾಸಣೆಗೆ ಹಾಜರಾಗುವುದು.

ಈ ಮಾಹಿತಿಯನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ನೀಡಲಾಗಿದೆ. ಇದು ತಜ್ಞ ವೈದ್ಯರ ಸಲಹೆಗೆ ಪರ್ಯಾಯವಲ್ಲ.