ಕಂಪ್ಯೂಟರಿಗೆ ಬಂದಿರುವುದು ಮುಪ್ಪಲ್ಲ, ಕೊಳೆ

ಮಲೆನಾಡಿನ ಯಾವ ಕೃಷಿಕನೂ ಹತ್ತು ವರ್ಷ ಹಳೆಯದೆಂಬ ಒಂದೇ ಕಾರಣಕ್ಕೆ ಪಂಪ್‌ಸೆಟ್ಟನ್ನು ಗುಜರಿಗೆ ಹಾಕುವುದಿಲ್ಲ. ವೈಂಡಿಂಗ್ ಸುಟ್ಟರೆ ಮತ್ತೆ ಸುತ್ತಿಸುತ್ತಾನೆ, ಬೇರಿಂಗ್ ಸವೆದರೆ ಬದಲಿಸುತ್ತಾನೆ, ಕೆಸರು ಕಟ್ಟಿದ ಫುಟ್‌ವಾಲ್ವನ್ನು ತೊಳೆದು ಮತ್ತೆ ಹೊಳೆಗೆ ಇಳಿಬಿಡುತ್ತಾನೆ. ಅದೇ ಮನೆಯ ಕಂಪ್ಯೂಟರ್ ಆರೇಳು ವರ್ಷಕ್ಕೆ ನಿಧಾನವಾದರೆ ಮಾತ್ರ ಎಲ್ಲರದೂ ಒಂದೇ ತೀರ್ಪು: ಅದು ಹಳತಾಯಿತು, ಹೊಸದು ತರಬೇಕು. ಪಂಪಿಗೆ ಸಲ್ಲುವ ನ್ಯಾಯ ಕಂಪ್ಯೂಟರಿಗೆ ಏಕೆ ಸಲ್ಲುವುದಿಲ್ಲ?

ಪ್ರೊಸೆಸರ್ ಎಂಬುದು ಎತ್ತಿನಂತೆ ವಯಸ್ಸಾದ ಹಾಗೆ ಸೊರಗುವ ವಸ್ತುವಲ್ಲ. ಕೊಂಡ ದಿನ ಎಷ್ಟು ವೇಗದಲ್ಲಿ ಲೆಕ್ಕ ಮಾಡುತ್ತಿತ್ತೋ ಏಳನೆಯ ವರ್ಷವೂ ಅಷ್ಟೇ ವೇಗದಲ್ಲಿ ಮಾಡಬಲ್ಲದು. ನಿಧಾನಕ್ಕೆ ಕಾರಣಗಳು ಬೇರೆ. ಯಾರೂ ಕೇಳದಿದ್ದರೂ ಯಂತ್ರದೊಡನೆ ತಾವೇ ಎದ್ದು ಕುಳಿತುಕೊಳ್ಳುವ ಹತ್ತಾರು ತಂತ್ರಾಂಶಗಳು. ಅಂಗಡಿಯವನು ತುಂಬಿಸಿಕೊಟ್ಟ, ಅವಧಿ ಮುಗಿದ ಆ್ಯಂಟಿವೈರಸ್. ಕಂಠಮಟ್ಟ ತುಂಬಿದ ಹಾರ್ಡ್ ಡಿಸ್ಕ್. ಇವೆಲ್ಲಕ್ಕೂ ಮೇಲೆ ಅಕ್ಷರಶಃ ದೂಳು. ಫ್ಯಾನಿನ ರೆಕ್ಕೆಗಳಿಗೂ ಅದರಡಿಯ ಲೋಹದ ಹೀಟ್‌ಸಿಂಕಿಗೂ ಅಡಿಕೆ ಸುಲಿಯುವ ಕಾಲದ ಪುಡಿ ಮೆತ್ತಿಕೊಂಡಾಗ ಬಿಸಿ ಹೊರಹೋಗದು. ಸುಟ್ಟುಹೋಗಬಾರದೆಂದು ಪ್ರೊಸೆಸರ್ ತಾನಾಗಿಯೇ ವೇಗ ತಗ್ಗಿಸಿಕೊಳ್ಳುತ್ತದೆ. ಇದು ಯಂತ್ರದ ವಿವೇಕ. ಅದನ್ನು ಮುಪ್ಪು ಎಂದು ಕರೆಯುವುದು ಮನುಷ್ಯರ ಅವಸರ.

ನಾಲ್ಕು ತಿಂಗಳ ಮಳೆಯಲ್ಲಿ ನೆನೆದ ಗಾಳಿಗೆ ಮಲೆನಾಡಿನ ಯಂತ್ರಗಳು ಇನ್ನಷ್ಟು ಬಳಲುತ್ತವೆ. ತೇವದಿಂದ ಮೆಮೊರಿ ಹಲಗೆಯ ಸಂಪರ್ಕದ ಅಂಚಿನಲ್ಲಿ ಪೊರೆ ಕಟ್ಟಿ, ಪರದೆ ಕಪ್ಪಾಗಿಯೇ ಉಳಿಯುವುದು ಸಾಮಾನ್ಯ. ವಿದ್ಯುತ್ ಸಂಪರ್ಕ ಕಿತ್ತು, ಮೆಮೊರಿಯನ್ನು ಹೊರತೆಗೆದು, ಆ ಅಂಚನ್ನು ಶಾಲಾಮಕ್ಕಳ ರಬ್ಬರಿನಿಂದ ಮೃದುವಾಗಿ ಉಜ್ಜಿ, ಪುಡಿ ಒರೆಸಿ ಮತ್ತೆ ಕೂರಿಸಿದರೆ ಎಷ್ಟೋ 'ಸತ್ತ' ಯಂತ್ರಗಳು ಎದ್ದು ಕೂರುತ್ತವೆ. ಗಡಿಯಾರ ಪದೇಪದೇ ಹಿಂದಿನ ವರ್ಷಗಳಿಗೆ ಓಡುತ್ತಿದ್ದರೆ, ಅದರಿಂದಾಗಿ ಜಾಲತಾಣಗಳು ತೆರೆಯದಿದ್ದರೆ, ಕೆಟ್ಟಿರುವುದು ಕಂಪ್ಯೂಟರಲ್ಲ, ಒಳಗಿನ ನಾಣ್ಯದಾಕಾರದ ಬ್ಯಾಟರಿ. ದೂಳು ತೆಗೆಯಲು ಒಣ ಬ್ರಷ್ಷು ಸಾಕು. ಫ್ಯಾನು ತಿರುಗದಂತೆ ಬೆರಳಿನಲ್ಲಿ ಹಿಡಿದಿರಬೇಕು. ಮುಟ್ಟಬಾರದ್ದು ಎರಡು. ವಿದ್ಯುತ್ ಪೂರೈಸುವ ಪೆಟ್ಟಿಗೆಯನ್ನು ಬಿಚ್ಚಬಾರದು, ಸ್ವಿಚ್ಚು ಆರಿಸಿದ ಮೇಲೂ ಅದರೊಳಗೆ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ. ಲ್ಯಾಪ್‌ಟಾಪಿನ ಉಬ್ಬಿದ ಬ್ಯಾಟರಿಯನ್ನು ಚುಚ್ಚಬಾರದು.

ಹೊರಗಿನ ಕೊಳೆ ಹೋದ ಮೇಲೆ ಒಳಗಿನದು. ಪೇಟೆಯ ಅಂಗಡಿಗಳಲ್ಲಿ ಇದಕ್ಕೆ 'ಫಾರ್ಮ್ಯಾಟ್ ಹೊಡೆಯುವುದು' ಎಂಬ ಗಂಡುಮಾತಿದೆ. ಹಲವೆಡೆ ಅದರ ನಿಜವಾದ ಅರ್ಥ, ವಿಂಡೋಸ್‌ನ ಕಳ್ಳ ಪ್ರತಿಯನ್ನು ತುಂಬಿ, ಬೀಗ ಒಡೆಯುವ ತಂತ್ರಾಂಶದ ಜೊತೆಗೆ ವೈರಸ್ಸನ್ನೂ ಉಚಿತವಾಗಿ ಕೊಟ್ಟು ಕಳುಹಿಸುವುದು. ಇದರ ಅಗತ್ಯವೇ ಇಲ್ಲ. ವಿಂಡೋಸ್ 10 ಮತ್ತು 11ರ ಸೆಟ್ಟಿಂಗ್ಸ್‌ನಲ್ಲಿ ರಿಕವರಿ ಎಂಬ ವಿಭಾಗವಿದ್ದು, ಅಲ್ಲಿಂದಲೇ ಯಂತ್ರವನ್ನು ಹೊಸದರ ಸ್ಥಿತಿಗೆ ತರಬಹುದು. ಕಡತಗಳನ್ನು ಉಳಿಸಿಕೊಂಡು ತಂತ್ರಾಂಶಗಳನ್ನು ಮಾತ್ರ ತೆಗೆಯುವುದು ಒಂದು ದಾರಿ, ಎಲ್ಲವನ್ನೂ ಅಳಿಸುವುದು ಇನ್ನೊಂದು. ಯಾವುದನ್ನು ಆರಿಸಿದರೂ ಫೋಟೊ, ಪಹಣಿಯ ಪ್ರತಿ, ಮಕ್ಕಳ ಅಂಕಪಟ್ಟಿ ಎಲ್ಲವೂ ಮೊದಲು ಬೇರೊಂದು ಡಿಸ್ಕಿನಲ್ಲಿ ಭದ್ರವಾಗಿರಬೇಕು. ಕನ್ನಡಿಗರಿಗೆ ಇನ್ನೊಂದು ಎಚ್ಚರವಿದೆ. ನುಡಿ ಅಥವಾ ಬರಹದ ಹಳೆಯ ಅಕ್ಷರಶೈಲಿಗಳಲ್ಲಿ ಟೈಪಿಸಿದ ಸೊಸೈಟಿ ನಡಾವಳಿಗಳು, ಊರ ಅರ್ಜಿಗಳು ಆ ಫಾಂಟುಗಳು ಅಳಿಸಿಹೋದೊಡನೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗುತ್ತವೆ. ಫಾಂಟುಗಳನ್ನೂ ಉಳಿಸಿಕೊಂಡು, ಆ ಬರಹಗಳನ್ನು ಯೂನಿಕೋಡಿಗೆ ಪರಿವರ್ತಿಸಿಟ್ಟರೆ ಮುಂದಿನ ತಲೆಮಾರಿಗೂ ಓದಲು ದಕ್ಕೀತು.

ಇಷ್ಟಾದರೂ ನಿಧಾನ ಉಳಿದರೆ, ತಿರುಗುವ ಹಾರ್ಡ್ ಡಿಸ್ಕಿನ ಜಾಗದಲ್ಲಿ ಎಸ್‌ಎಸ್‌ಡಿ ಕೂರಿಸಬಹುದು. ಒಂದು ಬಿಡಿಭಾಗದ ಬೆಲೆಗೆ ಇಡೀ ಯಂತ್ರದ ಚುರುಕು ಮರಳುತ್ತದೆ. ಹೊಸ ಲ್ಯಾಪ್‌ಟಾಪ್ ಮಾರಲು ಕುಳಿತವರು ಈ ಮಾತನ್ನು ಹೇಳುವುದು ಅಪರೂಪ.

ಕೊಳೆಯನ್ನು ತೊಳೆಯಬಹುದು. ಕಂಪನಿಯೇ ಹೊರಡಿಸಿದ ಮರಣಶಾಸನವನ್ನು ತೊಳೆಯುವುದು ಹೇಗೆ? ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಬೆಂಬಲ ನಿಲ್ಲಿಸಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು. ಇಂಟೆಲ್ ಯಂತ್ರವಾದರೆ, ಕೆಲವು ಅಪವಾದಗಳನ್ನು ಬಿಟ್ಟು, ಎಂಟನೆಯ ತಲೆಮಾರಿನ ಅಥವಾ ಅನಂತರದ ಪ್ರೊಸೆಸರ್ ಇರಬೇಕು. ಒಂದು ತಂತಿಯೂ ಸುಡದ, ಒಂದು ಕೀಲಿಯೂ ಸವೆಯದ ಯಂತ್ರಗಳು ಹೀಗೆ ಕಾಗದದ ಮೇಲೆ ಸತ್ತವು. ಇದರಿಂದ ಸುಮಾರು 24 ಕೋಟಿ ಕಂಪ್ಯೂಟರುಗಳು ಕಸದ ದಾರಿ ಹಿಡಿಯಬಹುದೆಂದು ಮಾರುಕಟ್ಟೆ ಅಧ್ಯಯನ ಸಂಸ್ಥೆ ಕೆನಾಲಿಸ್ 2023ರಲ್ಲಿಯೇ ಅಂದಾಜಿಸಿತ್ತು. ಮನೆಬಳಕೆಯವರಿಗೆ ಮೊದಲು ಘೋಷಿಸಿದ ಹೆಚ್ಚುವರಿ ರಕ್ಷಣೆಯ ಅವಧಿ ಕೇವಲ ಒಂದು ವರ್ಷ.

ಭದ್ರತೆಯ ಮಾತು ಸುಳ್ಳಲ್ಲ. ಬೆಂಬಲವಿಲ್ಲದ ವ್ಯವಸ್ಥೆಯಲ್ಲಿ ಬ್ಯಾಂಕಿನ ವ್ಯವಹಾರ ಮಾಡುವುದು ಅಪಾಯವೇ. ಆದರೆ ಸೂರು ಸೋರಿದರೆ ಹೆಂಚು ಬದಲಿಸುತ್ತಾರೆಯೇ ಹೊರತು ಮನೆಯನ್ನೇ ಕೆಡವುವುದಿಲ್ಲ. ಲಿನಕ್ಸ್ ಮಿಂಟ್, ಡೆಬಿಯನ್, ಲುಬುಂಟು ಮುಂತಾದ ಮುಕ್ತ ವ್ಯವಸ್ಥೆಗಳು ಉಚಿತವಾಗಿ ದೊರೆಯುತ್ತವೆ. ಪೆನ್‌ಡ್ರೈವಿನಿಂದಲೇ ಓಡಿಸಿ ನೋಡಿ, ಒಗ್ಗಿದರೆ ಮಾತ್ರ ಒಳಗೆ ಸ್ಥಾಪಿಸಿಕೊಳ್ಳಬಹುದು. ಕನ್ನಡದಲ್ಲಿ ಟೈಪಿಸಲು, ಪ್ರಬಂಧ ಬರೆಯಲು, ಪಾಠದ ವಿಡಿಯೊ ನೋಡಲು ಅವು ಧಾರಾಳ ಸಾಕು. ವಿಂಡೋಸನ್ನೇ ಬೇಡುವ ಕೆಲವು ತಂತ್ರಾಂಶಗಳು ಅಲ್ಲಿ ನಡೆಯವು ಎಂಬುದು ನಿಜ. ಅಂಥ ತಂತ್ರಾಂಶ ಬೇಕಾಗುವ ವಿದ್ಯಾರ್ಥಿ ಹೊಸ ಯಂತ್ರ ಕೊಳ್ಳಲಿ, ಅದಕ್ಕಾಗಿ ಊರೆಲ್ಲ ಕೊಳ್ಳಬೇಕಿಲ್ಲ.

ಈ ವಿಷಯ ಗುಡ್ಡಗಾಡಿನ ಜನರಿಗೆ ಏಕೆ ಮುಖ್ಯವೆಂಬುದಕ್ಕೆ ಲಖ್ಯಾ ಅಣೆಕಟ್ಟೆಯ ಹಿಂದೆ ತುಂಬಿದ ಕುದುರೆಮುಖದ ಗಣಿಕೆಸರೇ ಸಾಕ್ಷಿ. ಅಲ್ಲಿ 2005ರ ಕೊನೆಗೆ ಗಣಿ ನಿಂತರೂ ಕೆಸರು ಎಲ್ಲಿಗೂ ಹೋಗಿಲ್ಲ. ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿದರೂ ಸಯನೈಡ್ ದಿಬ್ಬಗಳು ಉಳಿದೇ ಇವೆ. ಪ್ರತಿ ಹೊಸ ಕಂಪ್ಯೂಟರಿನ ಕಬ್ಬಿಣ, ತಾಮ್ರ, ಚಿನ್ನದ ಹಿಂದೆ ಯಾವುದೋ ದೇಶದ ಇಂಥದೇ ಗುಡ್ಡವಿದೆ. ಅಂದಿನ ಒಂದು ಕಂಪ್ಯೂಟರ್ ಮತ್ತು ಅದರ ಮಾನಿಟರ್ ತಯಾರಿಸಲು ಕನಿಷ್ಠ 240 ಕಿಲೊ ಪಳೆಯುಳಿಕೆ ಇಂಧನ, 22 ಕಿಲೊ ರಾಸಾಯನಿಕ ಮತ್ತು 1,500 ಕಿಲೊ ನೀರು ಬೇಕೆಂದು ವಿಶ್ವಸಂಸ್ಥೆಯ ವಿಶ್ವವಿದ್ಯಾಲಯದ ಅಧ್ಯಯನ 2004ರಲ್ಲಿ ಲೆಕ್ಕ ಹಾಕಿತ್ತು. ಗಣಿಯ ವಿರುದ್ಧ ಘೋಷಣೆ ಕೂಗಿ ಮನೆಗೆ ಬಂದು, ದೂಳು ಹಿಡಿದ ಲ್ಯಾಪ್‌ಟಾಪನ್ನು ಎಸೆದು ಹೊಸದಕ್ಕೆ ಕಂತು ಕಟ್ಟುವ ಪರಿಸರಪ್ರೇಮವನ್ನು ಏನೆಂದು ಕರೆಯಬೇಕು?

ಎಸೆದದ್ದೆಲ್ಲ ಮರುಬಳಕೆಯಾಗುತ್ತದೆ ಎಂಬ ಸಮಾಧಾನವೂ ಟೊಳ್ಳು. 2022ರಲ್ಲಿ ಜಗತ್ತು ಹುಟ್ಟಿಸಿದ 6.2 ಕೋಟಿ ಟನ್ ವಿದ್ಯುನ್ಮಾನ ತ್ಯಾಜ್ಯದಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಯಾದದ್ದಕ್ಕೆ ದಾಖಲೆಯಿರುವುದು ಶೇಕಡಾ 22.3ಕ್ಕೆ ಮಾತ್ರ. ಉಳಿದದ್ದರ ಗತಿಯನ್ನು ದೆಹಲಿಯ ಸೀಲಂಪುರ, ಉತ್ತರ ಪ್ರದೇಶದ ಮೊರಾದಾಬಾದ್‌ಗಳು ಕಂಡಿವೆ: ತಾಮ್ರಕ್ಕಾಗಿ ತಂತಿ ಸುಡುವುದು, ಚಿನ್ನಕ್ಕಾಗಿ ಹಲಗೆಗಳನ್ನು ಆಮ್ಲದಲ್ಲಿ ಅದ್ದುವುದು, ಉಳಿದ ಬೂದಿ ರಾಮಗಂಗಾ ನದಿಯ ದಂಡೆಗೆ.

ನಿಜವಾಗಿಯೂ ದುರಸ್ತಿಗೆ ಬಾರದ ಯಂತ್ರವೂ ಇರುತ್ತದೆ. ಅದರ ಮೆಮೊರಿ, ಕೀಲಿಮಣೆ, ಮಾನಿಟರುಗಳು ಪಕ್ಕದ ಮನೆಯ ಇನ್ನೊಂದು ಯಂತ್ರಕ್ಕೆ ಆಗಬಹುದೇ ಎಂದು ಮೊದಲು ನೋಡಬೇಕು. ಅಳಿಸಿದ ಕಡತವನ್ನು ಮತ್ತೆ ಹೊರತೆಗೆಯಬಲ್ಲವರಿರುವುದರಿಂದ ಡಿಸ್ಕನ್ನು ಪೂರ್ತಿ ಒರೆಸಿಯೋ ಕಳಚಿಟ್ಟುಕೊಂಡೋ, ಉಳಿದದ್ದನ್ನು ನೋಂದಾಯಿತ ಮರುಬಳಕೆ ಘಟಕಕ್ಕೆ ತಲುಪಿಸಬೇಕು. ಒಂದೊಂದೇ ಪೆಟ್ಟಿಗೆಯನ್ನು ಘಟ್ಟದಿಂದ ಅಷ್ಟು ದೂರ ಸಾಗಿಸುವುದು ಯಾರಿಂದಲೂ ಆಗದು. ಊರಿನ ಶಾಲೆಯೋ ಸೊಸೈಟಿಯೋ ಒಂದು ಒಣ ಕೋಣೆ ಕೊಟ್ಟರೆ, ಮಳೆಗಾಲ ಮುಗಿದ ಮೇಲೆ ಎಲ್ಲರದನ್ನೂ ಒಂದೇ ಲಾರಿಯಲ್ಲಿ ಕಳುಹಿಸಬಹುದು.